ಹೊಳೆಗೆ ಗೇಟ್ ಎಷ್ಟೊತ್ತಿಗೆ ಹಾಕ್ತಾರೆ?

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ, ನಮ್ಮ ಮನೆಗೆ ಪಜೀತಿಗಳು ಬರುತ್ತವೆ. ಬಂದವು ಸುಮ್ಮನೆ ಹೋಗುವುದೂ ಇಲ್ಲ, ಹೋಗುವಾಗ ಇನ್ನೊಂದಕ್ಕೆ ದಾರಿ ಹೇಳಿಯೇ ಹೋಗುತ್ತವೆ. ನಾನು ಗುಂಡ್ಲುಪೇಟೆಯಿಂದ ಮದುವೆಯಾಗಿ ವಯನಾಡಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಈ ಮನೆಯ ಒಂದು ಕೆಲಸವೂ ನೇರ ದಾರಿಯಲ್ಲಿ ನಡೆದದ್ದನ್ನು ಕಂಡಿಲ್ಲ.

ಪುಲ್ಪಳ್ಳಿ ಪೇಟೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಜೆರಾಕ್ಸ್, ಫೋಟೋ, ಲ್ಯಾಮಿನೇಷನ್, ಮತ್ತೆ ಊರವರ ಎಲ್ಲ ಅರ್ಜಿ ತುಂಬುವ ಕೆಲಸ. ಮನೆ ಮುಳ್ಳನ್ಕೊಲ್ಲಿಯಲ್ಲಿ. ನಮ್ಮ ಮಾವನಿಗೆ ಎಪ್ಪತ್ತನಾಲ್ಕು ವರ್ಷ. ಕಾಫಿ, ಮೆಣಸು ಬೆಳೆಯುವ ಜೈನರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ಅತ್ತೆಗೆ ಎಪ್ಪತ್ತು. ಬೇಲಿಯಾಚೆ ಮಲಯಾಳಿ ದಂಪತಿ. ಗಂಡ ಪಟ್ಟಾಳದಲ್ಲಿ, ಅಂದರೆ ಸೈನ್ಯದಲ್ಲಿ, ಹದಿನೇಳು ವರ್ಷ ಇದ್ದು ಬಂದವರು, ಊರಿಗೆಲ್ಲ ಚೇಟ್ಟನ್, ಅಂದರೆ ಅಣ್ಣ. ಹೆಂಡತಿ ನಿವೃತ್ತ ನರ್ಸ್, ಚೇಚ್ಚಿ, ಅಂದರೆ ಅಕ್ಕ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಬೇಲಿಯಾಚೆ ಮಲಯಾಳ, ಬೇಲಿಯ ಮೇಲೆ ಎರಡೂ.

ಕೂರುವಷ್ಟರಲ್ಲಿ ದಡ

ಒಂದು ಸಂಜೆ ಚೇಟ್ಟನ್ ಕೈಯಲ್ಲಿ ಫೋನ್ ಹಿಡಿದುಕೊಂಡು ಬೇಲಿ ದಾಟಿ ಬಂದರು.

"ನೋಡಿ ಇಲ್ಲಿ. ಹೊಳೆಯಲ್ಲಿ ಹೋಗೋ ಹಡಗು. ಚಿಕ್ಕದು, ಇಪ್ಪತ್ತೇ ಜನ ಹಿಡಿಸೋದು. ಒಳಗೇ ಮಲಗೋದು, ಒಳಗೇ ಊಟ."

ಮಾವ ಕನ್ನಡಕ ಏರಿಸಿ ನೋಡಿದರು. "ಹೊಳೆ ದಾಟೋಕೆ ಇಷ್ಟು ದೊಡ್ಡದು ಯಾಕೆ? ದೋಣಿ ಸಾಲದಾ?"

"ದಾಟೋದಲ್ಲ. ಉದ್ದಕ್ಕೆ ಹೋಗೋದು."

"ಉದ್ದಕ್ಕೆ ಹೋಗಿ?"

"ಏಳು ದಿನ ಹೋಗಿ ಇಳಿಯೋದು."

"ಅಲ್ಲೇನು ಕೆಲಸ?"

"ಕೆಲಸ ಏನೂ ಇಲ್ಲ."

ಮಾವ ಫೋನನ್ನು ಮೆಲ್ಲಗೆ ಕೆಳಗಿಟ್ಟರು. ಕೆಲಸವಿಲ್ಲದೆ ಏಳು ದಿನ ಒಂದು ಕಡೆಗೆ ಹೋಗುವವರು ಭೂಮಿಯ ಮೇಲಿದ್ದಾರೆ ಎಂಬುದು ಅವರಿಗೆ ಆವತ್ತೇ ಗೊತ್ತಾದದ್ದು. ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

"ನಾನು ಹೋಗ್ತೀನಿ."

ಅತ್ತೆ ಸೌಟು ಹಿಡಿದುಕೊಂಡೇ ಜಗಲಿಗೆ ಬಂದರು. ಅವರ ತವರು ಕಬಿನಿಯ ಆಚೆ, ಕರ್ನಾಟಕದ ಕಡೆ. "ಮದುವೆಯಾಗಿ ಬರೋವಾಗ ನನ್ನನ್ನ ದೋಣೀಲಿ ಕಬಿನಿ ದಾಟಿಸಿದ್ರು. ಸೀರೆ ನೆರಿಗೆ ಸರಿಮಾಡ್ಕೊಂಡು ಇನ್ನೇನು ಕೂರೋಣ ಅನ್ನೋಷ್ಟರಲ್ಲಿ 'ಇಳಿಯಮ್ಮ, ದಡ ಬಂತು' ಅಂದ್ರು. ನಲವತ್ತೆಂಟು ವರ್ಷ ಆಯ್ತು. ಒಂದು ಸಲ ನೀರಿನ ಮೇಲೆ ಪೂರ್ತಿ ಕೂರಬೇಕು ನಾನು."

ಮಾವನಿಗೆ ನಿಜಕ್ಕೂ ಬೇಸರವಾಯಿತು. "ಇಷ್ಟು ವರ್ಷ ಒಂದು ದಿನಾನೂ ಹೇಳಲಿಲ್ವಲ್ಲ ನೀನು? ಕೂತು ಮಾತಾಡಬಹುದಿತ್ತು."

"ನೀವು ನನ್ನನ್ನ ಕೂರು ಅಂದದ್ದು ಯಾವಾಗ?" ಎಂದು ಅತ್ತೆ ಒಳಗೆ ಹೋದರು. ಒಗ್ಗರಣೆ ಸೀದು ಹೋಗಿತ್ತು.

ನಾಲ್ಕು ಜನ, ಐದು ಓಟು

ಹೋಗುವುದು ಗಟ್ಟಿಯಾಯಿತು, ಯಾವ ಹೊಳೆ ಅನ್ನುವುದು ಆಗಲಿಲ್ಲ. ನಾನು ಅಂಗಡಿಯಲ್ಲಿ ನಾಲ್ಕು ಹೊಳೆಗಳ ಹಡಗಿನ ವಿವರ ಬಣ್ಣದಲ್ಲಿ ಪ್ರಿಂಟ್ ತೆಗೆದು ತಂದೆ. ಅದೇ ನಾನು ಮಾಡಿದ ತಪ್ಪು.

ಚೇಟ್ಟನ್ ನೈಲ್ ಎಂದರು. ಬೈಬಲಿನಲ್ಲಿ ಬರುವ ಹೊಳೆ, ಪಾದ್ರಿಗಳ ಮುಂದೆ ಹೇಳಿಕೊಳ್ಳಬಹುದು. ಚೇಚ್ಚಿ ಮೆಕಾಂಗ್ ಎಂದರು. ಅವರ ಲೆಕ್ಕ ಬೇರೆ: "ನಮ್ಮ ಚರ್ಚಿನವರು ಯಾರೂ ಅಲ್ಲಿಗೆ ಹೋಗಿಲ್ಲ. ಬಂದ ಮೇಲೆ ನಾನು ಹೇಳಿದ್ದೇ ಸತ್ಯ." ಮಾವ ಯುರೋಪಿನ ಡ್ಯಾನ್ಯೂಬ್ ಹಿಡಿದರು. ಬೇಸಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ ಎಂದು ಯಾರೋ ಹೇಳಿದ್ದರು. ಹೊತ್ತು ಮುಳುಗುವ ಮುಂಚೆ ಉಣ್ಣುವ ಮನುಷ್ಯನಿಗೆ ಒಂಬತ್ತರವರೆಗೆ ಅಡುಗೆಮನೆ ಬಾಗಿಲು ತೆರೆದಿರುವ ದೇಶ! ಮೂರು ದಿನ ಅವರು ಆ ಪಟವನ್ನು ದಿಂಬಿನ ಕೆಳಗಿಟ್ಟು ಮಲಗಿದರು. ನಾಲ್ಕನೆಯ ಹೊಳೆ ಬ್ರಹ್ಮಪುತ್ರ. ಅದನ್ನು ಯಾರೂ ಮೂಸಲಿಲ್ಲ.

ಕೇರಳದಲ್ಲಿ ನಾಲ್ಕು ಜನಕ್ಕೆ ಅಭಿಪ್ರಾಯ ಕೂಡದಿದ್ದರೆ ಮುಂದಿನ ಹೆಜ್ಜೆ ಚುನಾವಣೆ. ಚೇಟ್ಟನ್ ಚೀಟಿ ಹರಿದರು, ಅಕ್ಕಿ ಅಳೆಯುವ ಸೇರಿನ ಮೇಲೆ ಬಟ್ಟೆ ಕಟ್ಟಿ ಮತಪೆಟ್ಟಿಗೆ ಮಾಡಿದರು, ನನ್ನ ಅಂಗಡಿಯ ಸ್ಟಾಂಪ್ ಪ್ಯಾಡ್ ತರಿಸಿ ಬೆರಳಿಗೆ ಶಾಯಿ ಹಚ್ಚಿದರು. ಎಣಿಸಿದರೆ ನೈಲಿಗೆ ಒಂದು, ಮೆಕಾಂಗಿಗೆ ಒಂದು, ಡ್ಯಾನ್ಯೂಬಿಗೆ ಒಂದು. ನಾಲ್ಕನೆಯ ಚೀಟಿಯಲ್ಲಿ ಅತ್ತೆ ಬರೆದಿದ್ದರು: "ಯಾವುದಾದರೂ ಸರಿ, ಬೇಗ."

ಅದನ್ನು ಅಸಿಂಧು ಮಾಡಿ ಎರಡನೆಯ ಸಲ ಮತದಾನ ನಡೆಸಿದರು. ಈ ಸಲ ಡ್ಯಾನ್ಯೂಬಿಗೆ ಎರಡು ಬಿದ್ದವು. ಮಾವ ಜಯಘೋಷ ಮಾಡುವಷ್ಟರಲ್ಲಿ ಚೇಚ್ಚಿ ಒಟ್ಟು ಎಣಿಸಿದರು. ನಾಲ್ಕು ಜನ, ಐದು ಓಟು.

"ಎಲ್ಲರೂ ಬೆರಳು ತೋರಿಸಿ," ಎಂದರು ಚೇಟ್ಟನ್, ಪಟ್ಟಾಳದ ದನಿಯಲ್ಲಿ. ತೋರಿಸಿದರು. ಆದರೆ ತೋಟದವರ ಬೆರಳು ನೋಡಿ ಕಳ್ಳ ಓಟು ಹಿಡಿಯುವುದು ಆಗುವ ಮಾತೇ? ಎಲ್ಲರದೂ ಹತ್ತಕ್ಕೆ ಹತ್ತೂ ಕಪ್ಪು.

ಕೊನೆಗೆ ತೀರ್ಪು ಕೊಟ್ಟದ್ದು ನನ್ನ ಕಂಪ್ಯೂಟರು. ಪರದೇಶಕ್ಕೆ ಪಾಸ್‌ಪೋರ್ಟ್ ಬೇಕಲ್ಲ ಎಂದು ಅತ್ತೆಯ ಕಾಗದಗಳನ್ನು ತೆಗೆದೆ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಓಟರ್ ಕಾರ್ಡಿನಲ್ಲಿ ಗಂಡಸಿನ ಹೆಸರು. ಮೂರನ್ನೂ ತಿದ್ದಿಸಿ ಪಾಸ್‌ಪೋರ್ಟ್ ಕೈಗೆ ಬರುವಷ್ಟರಲ್ಲಿ ನೈಲ್ ಬತ್ತಿ ಹೋದರೂ ಹೋದೀತು. ಹಾಗೆ ಬ್ರಹ್ಮಪುತ್ರ ಗೆದ್ದಿತು; ತನ್ನ ಚೆಲುವಿನಿಂದಲ್ಲ, ನಮ್ಮ ಅತ್ತೆಯ ಸ್ಪೆಲಿಂಗಿನಿಂದ.

ಗೇಟು ಮತ್ತು ಆನೆ

ಬುಕಿಂಗ್ ಮಾಡುವ ಕಚೇರಿ ಕೊಚ್ಚಿಯಲ್ಲಿತ್ತು. ಅಲ್ಲಿನ ಹುಡುಗಿ ತುಂಬ ಮರ್ಯಾದೆಯವಳು. "ಏನೇ ಸಂಶಯ ಇದ್ದರೂ ಕೇಳಿ ಸರ್," ಎಂದುಬಿಟ್ಟಳು. ಹಾಗೆ ಯಾರೂ ಮಾವನಿಗೆ ಹೇಳಬಾರದು.

ನಮ್ಮಲ್ಲಿಂದ ಮೈಸೂರಿಗೆ ಹೋಗುವ ರಸ್ತೆ ಕಾಡಿನ ನಡುವೆ. ರಾತ್ರಿ ಒಂಬತ್ತಾದರೆ ಗೇಟ್ ಬೀಳುತ್ತದೆ, ಬೆಳಗಿನವರೆಗೆ ಗಾಡಿ ಬಿಡುವುದಿಲ್ಲ. ಸುಲ್ತಾನ್ ಬತ್ತೇರಿಯಿಂದ ಹೊರಡುವ ಯಾರೇ ಆಗಲಿ ಮೊದಲು ನೋಡುವುದು ಗಡಿಯಾರ. ಮಾವ ನನ್ನ ಅಂಗಡಿಯಲ್ಲಿ ಕೂತು, ಫೋನಿನ ಸ್ಪೀಕರ್ ಹಾಕಿಸಿ, ಮೊದಲ ಸಂಶಯ ಬಿಚ್ಚಿದರು.

"ಅಲ್ಲಮ್ಮ, ಹೊಳೆಗೆ ಗೇಟ್ ಎಷ್ಟೊತ್ತಿಗೆ ಹಾಕ್ತಾರೆ?"

"ಸರ್?"

"ಗೇಟ್. ಒಂಬತ್ತಕ್ಕಾ, ಆರಕ್ಕಾ? ಗೇಟ್ ಬಿದ್ದ ಮೇಲೆ ಹಡಗು ಎಲ್ಲಿ ನಿಲ್ಲಿಸ್ತೀರಿ?"

"ನದಿಗೆ ಗೇಟ್ ಇರಲ್ಲ ಸರ್."

ಮಾವ ಫೋನಿನ ಮೇಲೆ ಕೈಯಿಟ್ಟು ನನಗೆ ಪಿಸುಗುಟ್ಟಿದರು: "ಹೊಸಬಳು. ಗೊತ್ತಿಲ್ಲ." ಮತ್ತೆ ಫೋನಿಗೆ, "ಎರಡೂ ದಡ ಕಾಡು ಅಂತೀರಿ, ಗೇಟ್ ಇಲ್ಲ ಅಂತೀರಿ. ಆನೆ ಬಂದರೆ?"

ಹುಡುಗಿಗೆ ಈಗ ತನಗೆ ಗೊತ್ತಿರುವ ಪ್ರಶ್ನೆ ಬಂತೆಂದು ಉತ್ಸಾಹ ಬಂತು. "ಖಂಡಿತ ಬರುತ್ತೆ ಸರ್! ನಮ್ಮ ಎಲ್ಲ ಪ್ರವಾಸಿಗರಿಗೂ ಆನೆ ನೋಡೋಕೆ ಸಿಕ್ಕಿದೆ. ಆನೆ ತೋರಿಸೋದು ಪ್ಯಾಕೇಜಿನಲ್ಲೇ ಸೇರಿದೆ."

ಮಾವ ಎದ್ದು ನಿಂತರು. ಹಿಂದಿನ ವಾರವಷ್ಟೇ ಒಂದು ಒಂಟಿ ಸಲಗ ನಮ್ಮ ಹಲಸಿನ ಮರ ಖಾಲಿ ಮಾಡಿ, ಪಂಪ್‌ಸೆಟ್ಟಿನ ಶೆಡ್ಡಿಗೆ ಬೆನ್ನು ಉಜ್ಜಿ, ಶೆಡ್ಡನ್ನು ಇಲ್ಲವಾಗಿಸಿ ಹೋಗಿತ್ತು.

"ನೋಡಮ್ಮ," ಎಂದರು, "ಆನೆ ಇಲ್ಲದ ಪ್ಯಾಕೇಜ್ ಇದ್ದರೆ ಹೇಳು. ಎರಡು ದಿನ ಕಡಿಮೆ ಆದರೂ ಚಿಂತೆ ಇಲ್ಲ."

ಒಂದು ಪುಟದ ನಾಯಿ

ಅದೇ ಹುಡುಗಿ ಆಮೇಲೆ ಪ್ರಯಾಣಿಕರ ಹೆಸರು, ವಯಸ್ಸು ಬರೆದು ಕಳಿಸಿ ಎಂದಳು. ನಾನು ಟೈಪ್ ಮಾಡಿ ಕಳಿಸಿದೆ. ಬಂದಿಲ್ಲ ಎಂದಳು. ಮತ್ತೆ ಕಳಿಸಿದೆ. ಆಗಲೂ ಇಲ್ಲ. ಮೂರನೆಯ ಸಲ ಅವಳ ಬದಲು ಒಬ್ಬ ಮ್ಯಾನೇಜರ್ ಫೋನ್ ಮಾಡಿದಾಗ ಮಾವ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

ಮಾವ ಮಲಯಾಳದಲ್ಲೇ ಓದಿದವರು, ಅಚ್ಚುಕಟ್ಟಾಗಿ ಮಾತಾಡುತ್ತಾರೆ. ಆದರೆ ಸಿಟ್ಟು ಬಂದಾಗ ಮಾತ್ರ ಮಲಯಾಳದ ನಡುವೆ ಕನ್ನಡದ ಒಂದೊಂದು ಪದ ಬೇಲಿ ಹಾರಿ ಬರುತ್ತದೆ. ಆವತ್ತು ಹಾರಿದ್ದು 'ಪಟ್ಟಿ'. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ.

"ಎರಡು ಸಲ ಪಟ್ಟಿ ಕಳಿಸಿದ್ದೇವೆ, ಇನ್ನೂ ಬಂದಿಲ್ಲ ಅಂದರೆ ಏನರ್ಥ?"

"ಸರ್, ಪಟ್ಟಿಯನ್ನ ಇಲ್ಲಿಗೆ ಯಾಕೆ ಕಳಿಸಿದ್ರಿ?"

"ನೀವೇ ಕೇಳಿದ್ದು! ಪಟ್ಟಿ ಇಲ್ಲದೆ ಹಡಗು ಹತ್ತಿಸಲ್ಲ ಅಂತ ಹೇಳಿದ್ದು ನೀವೇ."

"ಇಲ್ಲ ಸರ್, ಪಟ್ಟಿ ಇದ್ದರೆ ಹತ್ತಿಸೋ ಹಾಗಿಲ್ಲ. ಕಂಪನಿ ನಿಯಮ."

"ಇದೊಳ್ಳೆ ಕತೆ! ನಮ್ಮ ಪಟ್ಟಿ ಎಷ್ಟು ದೊಡ್ಡದು ಅಂತ ನಿಮಗೆ? ಒಂದೇ ಪುಟ. ನನ್ನ ಸೊಸೆಯೇ ಕೂತು ಟೈಪ್ ಮಾಡಿದ್ದು."

ಮ್ಯಾನೇಜರ್ ಮನುಷ್ಯ ಒಳ್ಳೆಯವನಿರಬೇಕು. ದನಿ ತಗ್ಗಿಸಿ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಕೇಳಿದ: "ಸರ್, ಮನೆಯಲ್ಲಿ ಬೇರೆ ಯಾರಾದರೂ ದೊಡ್ಡವರಿದ್ದರೆ ಫೋನ್ ಕೊಡ್ತೀರಾ?"

ಏಣಿ

ಎಪ್ಪತ್ತು ತುಂಬಿದವರು ಯಾರ ಸಹಾಯವೂ ಇಲ್ಲದೆ ಮೆಟ್ಟಿಲು ಹತ್ತಬಲ್ಲರು ಎಂಬುದಕ್ಕೆ ಒಂದು ಸಣ್ಣ ವಿಡಿಯೋ ಕಳಿಸಬೇಕೆಂದು ಕಂಪನಿಯವರು ಬರೆದರು. ನಮ್ಮದು ಹೆಂಚಿನ ಮನೆ, ಮಹಡಿ ಇಲ್ಲ. ಹೊಸಲೊಂದನ್ನು ಬಿಟ್ಟರೆ ಹತ್ತಲು ಏನೂ ಇಲ್ಲ.

"ಏಣಿ ಆಗಲ್ವಾ?" ಎಂದರು ಅತ್ತೆ.

ಮೆಣಸು ಕೊಯ್ಯುವ ಏಣಿ ಎಂದರೆ ಒಂದೇ ಒಂದು ಉದ್ದನೆಯ ಬಿದಿರು, ಗೆಣ್ಣಿನ ಹತ್ತಿರ ಕಾಲು ಹೆಬ್ಬೆರಳು ಇಡುವಷ್ಟು ಜಾಗ. ನಾನು ಬೇಡ ಎನ್ನುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಲ್ಲಿ ಅರ್ಧ ಹೋಗಿಯಾಗಿತ್ತು. ಮಾವ ಕೆಳಗೆ ಏಣಿ ಹಿಡಿದು ನಿಂತರು. ನಾನು ವಿಡಿಯೋ ತೆಗೆದೆ. ಹೇಗೂ ಹತ್ತಿದ್ದಾಯಿತಲ್ಲ ಎಂದು ಅತ್ತೆ ಮೇಲೆ ಜಾರಿದ್ದ ಒಂದು ಬಳ್ಳಿಯನ್ನು ಮರಕ್ಕೆ ಬಿಗಿದು ಕಟ್ಟಿದರು, ಚೇಚ್ಚಿಯ ಹಿತ್ತಿಲಲ್ಲಿ ಒಲೆ ಮೇಲಿನ ಹಾಲು ಉಕ್ಕುತ್ತಿರುವುದನ್ನು ಕೂಗಿ ಹೇಳಿದರು, ಆಮೇಲೆ ಇಳಿದರು. ಇಬ್ಬರದೂ ಒಂದರಲ್ಲೇ ಆಯಿತೆಂದು ಅದನ್ನೇ ಕಳಿಸಿದೆ.

ಎರಡು ದಿನಕ್ಕೆ ಉತ್ತರ ಬಂತು. "ಮೇಲೆ ಹತ್ತಿದ ಮಹಿಳೆಯ ಬಗ್ಗೆ ನಮಗೆ ಪೂರ್ಣ ತೃಪ್ತಿ ಇದೆ. ಹಡಗಿನ ಕಂಬ ಹತ್ತಲು ಅವಕಾಶವಿಲ್ಲ ಎಂದು ಮಾತ್ರ ದಯವಿಟ್ಟು ಅವರಿಗೆ ತಿಳಿಸಿ. ಆದರೆ ಕೆಳಗೆ ಏಣಿ ಹಿಡಿದು ನಡುಗುತ್ತಿರುವವರು ಒಮ್ಮೆ ಡಾಕ್ಟರ್ ಹತ್ತಿರ ತೋರಿಸಿಕೊಂಡರೆ ಒಳ್ಳೆಯದು."

ಮಣ್ಣಿನೊಳಗಿನದು

ಹೊರಡುವುದು ನವೆಂಬರ್ ತಿಂಗಳಲ್ಲಿ ಎಂದು ನಿಗದಿಯಾಯಿತು. ಮಳೆ ಮುಗಿದಿರುತ್ತದೆ, ಕಾಫಿ ಕೊಯ್ಲು ಶುರುವಾಗಿರುವುದಿಲ್ಲ. ಆಗ ನಾನು ಒಂದು ವಿಷಯ ಪತ್ತೆ ಮಾಡಿ ಎರಡು ದಿನ ಬಚ್ಚಿಟ್ಟುಕೊಂಡೆ. ಮೂರನೆಯ ದಿನ ಹೇಳಲೇಬೇಕಾಯಿತು.

"ಮಾವ, ಅಸ್ಸಾಮಿನಲ್ಲಿ ಆ ತಿಂಗಳು ಸೂರ್ಯ ಮುಳುಗೋದು ನಾಲ್ಕೂವರೆಗೆ."

"ಬೆಳಿಗ್ಗೆಯಾ?"

"ಸಂಜೆ."

ರಾತ್ರಿ ಒಂಬತ್ತರವರೆಗೆ ಉಣ್ಣುವ ಕನಸು ಕಂಡಿದ್ದ ಮನುಷ್ಯ ಕುರ್ಚಿಯಲ್ಲಿ ಕುಸಿದರು. ಒಂದು ಗಂಟೆಗೆ ಊಟ, ನಾಲ್ಕಕ್ಕೆ ಮತ್ತೆ ಊಟ, ಉಳಿದವರು ಚಹಾ ಕುಡಿಯುವ ಹೊತ್ತಿಗೆ ಇವರ ದಿನವೇ ಮುಗಿಯಿತು. "ಹಸಿವಾಗೋಕೆ ಒಂದು ಅವಕಾಶಾನೂ ಕೊಡಲ್ಲವಲ್ಲ ಆ ಊರು," ಎಂದು ಕೊರಗಿದರು.

ಹಡಗಿನ ಅಡುಗೆಯವನಿಗೆ ಮೊದಲೇ ಹೇಳುವುದು ಒಳ್ಳೆಯದೆಂದು ಫೋನ್ ಹಚ್ಚಿದೆವು. ಅವನಿಗೆ ಹಿಂದಿ ಮಾತ್ರ ಬರುತ್ತಿತ್ತು. ನಮ್ಮಲ್ಲಿ ಹಿಂದಿ ಬರುವುದು ಚೇಟ್ಟನ್ನರಿಗೆ ಮಾತ್ರ, ಅದೂ ಪಟ್ಟಾಳದ ಹಿಂದಿ. ಅಪ್ಪಣೆ ಕೊಡಲು ಸಾಕು, ವಿವರಿಸಲು ಸಾಲದು. ಮಾವ ಒಂದೊಂದಾಗಿ ಹೇಳಿದರು: ಈರುಳ್ಳಿ ಬೇಡ, ಬೆಳ್ಳುಳ್ಳಿ ಬೇಡ, ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಗೆಣಸು ಬೇಡ. ಚೇಟ್ಟನ್ನರಿಗೆ ಇಷ್ಟೆಲ್ಲಕ್ಕೆ ಹಿಂದಿ ಪದ ಎಲ್ಲಿಂದ ಬರಬೇಕು? ಎದೆ ಸೆಟೆಸಿ ಒಂದೇ ಮಾತಿನಲ್ಲಿ ಮುಗಿಸಿದರು.

"ಕೇಳು! ಮಣ್ಣಿನ ಒಳಗಿರೋದು ಯಾವುದೂ ಬೇಡ. ಅರ್ಥ ಆಯ್ತಾ?"

ಅಡುಗೆಯವನು ತುಂಬ ಹೊತ್ತು ಯೋಚಿಸಿದ. ಅವನಿಗೆ ಅತಿಥಿಯನ್ನು ಉಪವಾಸ ಕೆಡವುವ ಮನಸ್ಸಿರಲಿಲ್ಲ. ಆಮೇಲೆ ಬಹಳ ಸಂತೋಷದಿಂದ ಏನೋ ಹೇಳಿದ. ಚೇಟ್ಟನ್ ನಮ್ಮ ಕಡೆ ತಿರುಗಿ ಅಷ್ಟೇ ಸಂತೋಷದಿಂದ ಕನ್ನಡದಲ್ಲಿ ಹೇಳಿದರು.

"ಏನೂ ತೊಂದರೆ ಇಲ್ಲವಂತೆ. ಮೂರು ಹೊತ್ತೂ ಮೀನು ಮಾಡ್ತಾನಂತೆ. ಅದು ನೀರಿನ ಒಳಗಿರೋದು."

ಕ್ಯಾಪ್ಟನ್ ಜೊತೆ ಊಟ

ಹೊರಡಲು ಎರಡು ವಾರವಿದ್ದಾಗ ಚೇಚ್ಚಿ ಒಂದು ಗುಟ್ಟು ಬಿಟ್ಟುಕೊಟ್ಟರು. ಪಟ್ಟಾಳದಲ್ಲಿ ಹಿಮದ ಬೆಟ್ಟ ಹತ್ತಿದ ಚೇಟ್ಟನ್ನರಿಗೆ ನೀರಿನ ಮೇಲೆ ಹೊಟ್ಟೆ ತೊಳಸುತ್ತದೆ. ಹಿಂದೊಮ್ಮೆ ಕೆರೆಯಲ್ಲಿ ಪೆಡಲ್ ದೋಣಿ ಹತ್ತಿ, ಕಟ್ಟಿದ ಹಗ್ಗ ಬಿಚ್ಚುವ ಮುಂಚೆಯೇ ವಾಂತಿ ಮಾಡಿದ್ದರಂತೆ.

"ಅಭ್ಯಾಸ ಮಾಡಿಸಬೇಕು," ಎಂದರು ಚೇಚ್ಚಿ. ನರ್ಸ್ ಅಲ್ಲವೇ, ಔಷಧಿಯ ಪ್ರಮಾಣವನ್ನೂ ಅವರೇ ನಿಗದಿ ಮಾಡಿದರು. ಹಡಗಿನಲ್ಲಿ ಏಳು ದಿನ. ಆದ್ದರಿಂದ ಕಬಿನಿಯ ಕಡವಿನಲ್ಲಿ ದೋಣಿ ಹತ್ತಿ ಏಳು ಸಲ ಹೋಗಿ ಏಳು ಸಲ ಬರುವುದು. ಅಭ್ಯಾಸ ಎಂದ ಮೇಲೆ ಪೂರ್ತಿಯೇ ಆಗಲಿ ಎಂದು ಪ್ರವಾಸಕ್ಕೆ ಕಟ್ಟಿಟ್ಟ ಎರಡು ದೊಡ್ಡ ಬ್ಯಾಗುಗಳನ್ನೂ ಹೊರಿಸಿದರು.

ಒಂದು ಬೆಳಿಗ್ಗೆ ನಾನೂ ಸೇರಿ ಐದು ಜನ ದೋಣಿ ಹತ್ತಿದೆವು. ಚೇಟ್ಟನ್ ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಹಿಡಿದು ಕೂತರು. ಆಚೆ ದಡ ಬಂತು. ದೋಣಿಯವನು ಬರಿ ಮೈಯಲ್ಲಿ ತಲೆಗೊಂದು ಟವಲ್ ಸುತ್ತಿದ್ದ ನಡುವಯಸ್ಸಿನ ಮನುಷ್ಯ.

"ಇಳೀರಿ," ಎಂದ.

"ಇಳಿಯಲ್ಲ. ವಾಪಸ್ ಹೋಗು," ಎಂದರು ಚೇಚ್ಚಿ.

ಈಚೆ ದಡಕ್ಕೆ ಬಂದೆವು. "ಇಲ್ಲೂ ಇಳಿಯಲ್ಲ. ಆಚೆಗೆ."

ನಾಲ್ಕನೆಯ ಸಲಕ್ಕೆ ಅವನು ಹುಟ್ಟು ನಿಲ್ಲಿಸಿ ಮೆತ್ತಗೆ ಕೇಳಿದ: "ಏನಾದ್ರೂ ಬೀಳಿಸ್ಕೊಂಡ್ರಾ ಅಮ್ಮ ಹೊಳೇಲಿ?"

ಆರನೆಯ ಸಲ ಆಚೆ ದಡ ಮುಟ್ಟಿದಾಗ ಅಲ್ಲಿ ಒಬ್ಬ ತಪಾಸಣೆಯ ಸಾಹೇಬರು ಕಾಯುತ್ತ ನಿಂತಿದ್ದರು. ಗಡಿ ಎಂದ ಮೇಲೆ ಕಳ್ಳ ಸಾಗಾಣಿಕೆ ಇದ್ದದ್ದೇ. ಎರಡು ದೊಡ್ಡ ಬ್ಯಾಗು ಹಿಡಿದು ಐದು ಜನ ಬೆಳಗಿನಿಂದ ಹೋಗುತ್ತಿದ್ದಾರೆ, ಬರುತ್ತಿದ್ದಾರೆ, ಎಲ್ಲಿಯೂ ಇಳಿಯುತ್ತಿಲ್ಲ.

"ಬ್ಯಾಗ್ ಬಿಚ್ಚಿ," ಎಂದರು.

ಬಿಚ್ಚಿದೆವು. ಚೇಚ್ಚಿಯ ರೇಷ್ಮೆ ಸೀರೆ, ಬೈಬಲ್, ಬಿಸಿನೀರಿನ ಚೀಲ, ಮಾವನ ಮಂಕಿ ಕ್ಯಾಪ್, ಒಂದು ಡಬ್ಬಿ ಅವಲಕ್ಕಿ. ಎಲ್ಲಕ್ಕಿಂತ ಕೆಳಗೆ ಚೇಟ್ಟನ್ನರ ಇಸ್ತ್ರಿ ಮಾಡಿದ ಕೋಟು ಮತ್ತು ಟೈ.

ಸಾಹೇಬರು ಟೈಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದು ಯಾಕೆ?"

ಚೇಟ್ಟನ್ ಕಣ್ಣು ತೆರೆಯದೆ, ನಿಂಬೆಹಣ್ಣಿನ ಹಿಂದಿನಿಂದ ಉತ್ತರ ಕೊಟ್ಟರು. "ಕ್ಯಾಪ್ಟನ್ ಜೊತೆ ಊಟ ಇದೆ."

ಸಾಹೇಬರು ತಿರುಗಿ ದೋಣಿಯವನನ್ನು ಟವಲಿನಿಂದ ಪಾದದವರೆಗೆ ನೋಡಿದರು. ಅವನು ಕೈ ಮುಗಿದ.

"ನನಗೆ ಯಾರೂ ಹೇಳೇ ಇಲ್ಲ ಸಾರ್!"

ಕೈ ಬೀಸಿದವರು

ಕಾಗದಪತ್ರ ನೋಡಿಕೊಳ್ಳಲು ಒಬ್ಬರು ಬೇಕೆಂದು ನನ್ನನ್ನೂ ಸೇರಿಸಿಕೊಂಡರು. ಗಂಡ ತೋಟ ನೋಡಿಕೊಳ್ಳಲು ಉಳಿದರು. ಅಂತೂ ಹಡಗು ಹತ್ತಿದೆವು. ಮೊದಲ ದಿನ ಅತ್ತೆ ಮೇಲಿನ ಅಂತಸ್ತಿನ ಬೆತ್ತದ ಕುರ್ಚಿಯಲ್ಲಿ ಬೆಳಿಗ್ಗೆ ಕೂತವರು ಹೊತ್ತು ಮುಳುಗುವವರೆಗೆ ಏಳಲಿಲ್ಲ. ಬ್ರಹ್ಮಪುತ್ರಕ್ಕೆ ದಡವೇ ಕಾಣುತ್ತಿರಲಿಲ್ಲ. ಮಾವ ತಾವೇ ಒಂದು ಲೋಟ ಹಾಲು ತಂದು ಅವರ ಕೈಗೆ ಕೊಟ್ಟು, "ಕೂತ್ಕೊ, ಕೂತ್ಕೊ," ಎಂದು ಹೋದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗಾಳಿಗೆ ಎಂದರು.

ನಾಲ್ಕನೆಯ ದಿನ ಮಧ್ಯಾಹ್ನ 'ಹೊಳೆಯ ದಂಡೆಯ ಒಂದು ಹಳ್ಳಿ ತೋರಿಸುತ್ತೇವೆ' ಎಂದು ಇಳಿಸಿದರು. ನಮ್ಮ ಹಾಗೆಯೇ, ನೋಡಲು ನಮ್ಮದರಂತೆಯೇ ಇದ್ದ ಇನ್ನೊಂದು ಹಡಗಿನವರೂ ಪಕ್ಕದಲ್ಲೇ ಇಳಿದಿದ್ದರು, ಹೆಚ್ಚಿನವರು ಪರದೇಶದವರು. ನಾನೂ ಚೇಚ್ಚಿಯೂ ಮಗ್ಗ ನೋಡಲು ಹೋದೆವು. ಮಾವ ಮತ್ತು ಚೇಟ್ಟನ್ ಒಂದು ಮನೆಯ ಹಿತ್ತಿಲಿನಲ್ಲಿ ಒಬ್ಬ ಮುದುಕರ ಜೊತೆ ಅಡಿಕೆ ಜಗಿಯುತ್ತ ಕೂತರು. ಒಬ್ಬರ ಮಾತು ಒಬ್ಬರಿಗೆ ಬಾರದು. ಅಡಿಕೆ ಮರದ ರೋಗದ ಬಗ್ಗೆ ಮಾತ್ರ ಕೈಸನ್ನೆಯಲ್ಲೇ ಒಂದು ಗಂಟೆ ಚರ್ಚೆ ನಡೆಯಿತು.

ಅತ್ತೆ ಮುಂದಿನ ಅಂಗಳದಲ್ಲಿದ್ದರು. ಅಲ್ಲಿ ಒಬ್ಬ ಹೆಂಗಸು ಭತ್ತ ಕೇರುತ್ತಿದ್ದಳು. ಅವಳ ಮಗು ಅತ್ತದ್ದಕ್ಕೆ ಅವಳು ಒಳಗೆ ಓಡಿದಳು. ಮೊರ ನೆಲದ ಮೇಲೆ ಸುಮ್ಮನೆ ಬಿದ್ದಿರುವುದನ್ನು ನಮ್ಮ ಅತ್ತೆ ನೋಡಿಕೊಂಡಿರಲು ಸಾಧ್ಯವೇ ಇಲ್ಲ. ಎತ್ತಿಕೊಂಡು ಕೇರತೊಡಗಿದರು.

ನಾನು ತಿರುಗಿ ಬರುವಾಗ ಅವರ ಸುತ್ತ ಆ ಇನ್ನೊಂದು ಹಡಗಿನ ಗುಂಪು ಕ್ಯಾಮೆರಾ ಹಿಡಿದು ನಿಂತಿತ್ತು. ಅವರ ಗೈಡ್ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ: "ಈ ಅಜ್ಜಿ ಚಿಕ್ಕಂದಿನಿಂದ ಇದೇ ಕೆಲಸ ಮಾಡುತ್ತಿದ್ದಾರೆ." ಅದು ಸುಳ್ಳೇನಲ್ಲ. ಒಬ್ಬ ಬಿಳಿ ಕೂದಲಿನ ಪರದೇಶದ ಹೆಂಗಸು ಅತ್ತೆಯ ಕೈ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಒಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟಳು. ಅತ್ತೆ ಅದನ್ನು ತೆಗೆದುಕೊಂಡು, ಕೊಟ್ಟವರನ್ನು ಬರಿಗೈಯಲ್ಲಿ ಕಳಿಸಬಾರದೆಂದು, ಯಾರದೋ ಭತ್ತದಲ್ಲಿ ಒಂದು ಹಿಡಿ ಅವಳಿಗೆ ಕೊಟ್ಟರು.

ಅಷ್ಟರಲ್ಲಿ ಹಡಗಿನ ಕೂಗು ಕೇಳಿಸಿತು. ಹಳ್ಳಿಯವರೆಲ್ಲ ಬೀಳ್ಕೊಡಲು ದಂಡೆಯಲ್ಲಿ ಸಾಲಾಗಿ ನಿಂತರು. ನಾವೂ ನಿಂತೆವು. ಒಂದು ಹಡಗು ಹೊರಟಿತು, ಎಲ್ಲರೂ ಕೈ ಬೀಸಿದರು, ನಾವೂ ಬೀಸಿದೆವು. ಸ್ವಲ್ಪ ಹೊತ್ತಿಗೆ ಎರಡನೆಯದೂ ಹೊರಟಿತು. ಅದಕ್ಕೂ ಬೀಸಿದೆವು. ಚೇಟ್ಟನ್ ಸೆಲ್ಯೂಟ್ ಕೂಡ ಹೊಡೆದರು.

ಹಡಗು ನಡು ಹೊಳೆ ಸೇರುವಾಗ ಚೇಚ್ಚಿ ಕಣ್ಣು ಕಿರಿದು ಮಾಡಿ ನೋಡಿದರು. "ಮೋಳೆ," ಎಂದರು, ಮಲಯಾಳದಲ್ಲಿ ಮಗಳನ್ನು ಕರೆಯುವ ಹಾಗೆ, "ಆ ಹಡಗಿನ ಕಂಬಿ ಮೇಲೆ ಒಣಗೋಕೆ ಹಾಕಿರೋ ಪಂಚೆ ನಿನ್ನ ಮಾವಂದಲ್ವಾ?"

ಐದೂ ಜನ ಕೂಗಿಕೊಂಡೆವು. ಮೇಲಿನ ಅಂತಸ್ತಿನಲ್ಲಿದ್ದವರು ಸಂತೋಷದಿಂದ ಇನ್ನೂ ಜೋರಾಗಿ ಕೈ ಬೀಸಿದರು. ನಾವು ಕುಣಿದಷ್ಟೂ ಅವರು ಫೋಟೋ ತೆಗೆದರು. ನನ್ನ ಫೋನೂ ಚೇಟ್ಟನ್ನರದೂ ಹಡಗಿನ ಕೋಣೆಯಲ್ಲಿ ಚಾರ್ಜಿಗೆ ಇದ್ದವು. ನಮ್ಮ ಗೈಡ್ ತಲೆ ಎಣಿಸಿಯೇ ಹೊರಟಿದ್ದ, ಪಾಪ, ಲೆಕ್ಕವೂ ಸರಿಯಾಗಿ ಬಂದಿತ್ತು. ಏಕೆಂದರೆ ಆ ಇನ್ನೊಂದು ಹಡಗಿನ ಐದು ಜನ ತಮ್ಮದೆಂದು ತಿಳಿದು ನಮ್ಮ ಹಡಗು ಹತ್ತಿದ್ದರು.

ನಮ್ಮನ್ನು ಕಾಪಾಡಿದ್ದು ಅಡುಗೆಯವನು. ನಾಲ್ಕು ಗಂಟೆಗೆ ಉಣ್ಣಬೇಕಾದ ಅಜ್ಜ ಊಟಕ್ಕೆ ಬಂದಿಲ್ಲ ಎಂದು ಹಡಗೆಲ್ಲ ಹುಡುಕಿಸಿದನಂತೆ. ಒಂದು ಸಣ್ಣ ಯಂತ್ರದ ದೋಣಿ ಬಂದು ನಮ್ಮನ್ನು ಏರಿಸಿಕೊಂಡಿತು. ಗಡಿಬಿಡಿಯಲ್ಲಿ ಮಾವನ ಕನ್ನಡಕ ಆ ಮುದುಕರ ಹಿತ್ತಿಲಲ್ಲೇ ಉಳಿಯಿತು. ಹೊಳೆಯ ಚಳಿಗೆ ಅತ್ತೆ ಮಾವನ ಮಂಕಿ ಕ್ಯಾಪ್ ಹಾಕಿ, ಶಾಲು ಹೊದ್ದು, ಮೇಲೆ ದೋಣಿಯವರು ತೊಡಿಸಿದ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ಮೂಗು ಮಾತ್ರ ಕಾಣುವ ಹಾಗೆ ಹಡಗು ಹತ್ತಿದರು.

ಆ ತಪ್ಪಿ ಹತ್ತಿದ ಐವರೂ ಅಲ್ಲೇ ತಮ್ಮ ಹಡಗಿಗಾಗಿ ಕಾಯುತ್ತ ಕೂತಿದ್ದರು. ಅವರಲ್ಲಿ ಆ ಬಿಳಿ ಕೂದಲಿನ ಹೆಂಗಸೂ ಇದ್ದಳು. ಎಲ್ಲರಿಗೂ ತನ್ನ ಕ್ಯಾಮೆರಾ ತೋರಿಸುತ್ತಿದ್ದಳು: ಮೊರ ಹಿಡಿದು ಭತ್ತ ಕೇರುವ ಹಳ್ಳಿಯ ಅಜ್ಜಿ. ನಮ್ಮನ್ನೂ ಕರೆದು ತೋರಿಸಿದಳು. ಅತ್ತೆ ಒಮ್ಮೆ ನೋಡಿ ಕ್ಯಾಮೆರಾವನ್ನು ಮಾವನ ಕೈಗೆ ದಾಟಿಸಿದರು. ಕನ್ನಡಕವಿಲ್ಲದ ಮಾವ ಕ್ಯಾಮೆರಾವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಮುಖ ಅರಳಿತು. ಅತ್ತೆಯ ಕಡೆ ತಿರುಗಿದರು.

"ನೋಡಿಲ್ಲಿ. ಹೆಂಗಸು ಅಂದರೆ ಹೀಗಿರಬೇಕು. ಎಷ್ಟು ಒಪ್ಪವಾಗಿ ಕೇರ್ತಾಳೆ! ನೀನೂ ಇದ್ದೀಯ, ಮೊರ ಹಿಡಿದರೆ ಅಂಗಳದ ತುಂಬ ಹೊಟ್ಟು."

ಅತ್ತೆ ಮಂಕಿ ಕ್ಯಾಪನ್ನು ಗಲ್ಲದ ಕೆಳಗೆ ನಿಧಾನವಾಗಿ ಸರಿಸಿದರು.

"ಹೌದಾ? ಇಷ್ಟವಾದಳಾ?" ಎಂದರು. "ಹಾಗಿದ್ರೆ ಇವತ್ತಿಂದ ಅವಳ ಕೋಣೇಲೇ ಮಲಗಿ. ನನ್ನ ಕೋಣೆಗೆ ಬರಬೇಡಿ."

ಮಾವನಿಗೆ ಅರ್ಥವಾದದ್ದು ಗುವಾಹಟಿ ತಲುಪಿ ಹೊಸ ಕನ್ನಡಕ ಹಾಕಿಸಿಕೊಂಡು, ಆ ಹೆಂಗಸಿನಿಂದ ನಾನು ಫೋನಿಗೆ ಹಾಕಿಸಿಕೊಂಡಿದ್ದ ಅದೇ ಫೋಟೋ ನೋಡಿದ ಮೇಲೆ.